ಹೊರಾಂಗಣ ಆಂಟೆನಾದ ಲಿಂಕ್ ಕೈಕೊಟ್ಟಾಗ: ಏಣಿಗೆ ಕೈಹಾಕುವ ಮುನ್ನ

ತಾರಸಿಯ ಮೇಲಿನ ವೈರ್‌ಲೆಸ್ ಲಿಂಕ್ ನಿಂತುಹೋದ ಕೂಡಲೇ ಹೆಚ್ಚಿನವರು ಮೊದಲು ಹುಡುಕುವುದು ಏಣಿಯನ್ನು. ನಾನೂ ಬಹಳ ವರ್ಷ ಹಾಗೆಯೇ ಮಾಡಿದೆ, ಈಗ ಮಾಡುವುದಿಲ್ಲ. ಹೊರಾಂಗಣ ಆಂಟೆನಾದ ದೋಷಗಳಲ್ಲಿ ದೊಡ್ಡ ಪಾಲನ್ನು ನೆಲದ ಮೇಲೆ ಕುಳಿತೇ ಗುರುತಿಸಬಹುದು. ಹತ್ತಲೇಬೇಕಾಗಿ ಬಂದರೂ ಯಾವ ನಟ್ಟು ಬಿಗಿಯಬೇಕು, ಯಾವ ಕನೆಕ್ಟರ್ ಬದಲಿಸಬೇಕು ಎಂದು ತಿಳಿದುಕೊಂಡು ಒಂದೇ ಸಲ ಹತ್ತಬಹುದು. ಕಾರಣ ಗೊತ್ತಿಲ್ಲದೆ ಹತ್ತಿದ ಪ್ರತಿ ಸಲವೂ ಜಾರಿ ಬೀಳುವ, ವಿದ್ಯುತ್ ತಂತಿ ತಗಲುವ ಅಪಾಯವನ್ನು ಹೊಸದಾಗಿ ಮೈಮೇಲೆ ಎಳೆದುಕೊಳ್ಳುತ್ತೇವೆ. ಹಾಗಾಗಿ ಇಲ್ಲಿ ದೋಷಪತ್ತೆ ಮತ್ತು ಸುರಕ್ಷತೆ ಎರಡನ್ನೂ ಒಟ್ಟಿಗೆ ಹೆಣೆದಿದ್ದೇನೆ. ನನ್ನ ಮಟ್ಟಿಗೆ ಅವೆರಡೂ ಒಂದೇ ಕೆಲಸ.

ಮುಂದೆ ಹೇಳುವುದೆಲ್ಲ 2.4 ಮತ್ತು 5 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಎರಡು ಕಟ್ಟಡಗಳ ನಡುವಿನ ಲಿಂಕ್‌ಗಳಿಗೆ ಅನ್ವಯಿಸುತ್ತದೆ.

ಮೊದಲ ಪ್ರಶ್ನೆ: ಯಾವಾಗ ಹೋಗುತ್ತದೆ?

ಉಪಕರಣ ಮುಟ್ಟುವ ಮೊದಲು ದೋಷದ ಹೊತ್ತನ್ನು ಬರೆದಿಡಿ. ಬರುವ ಸಮಯವೇ ಅರ್ಧ ಕಾರಣವನ್ನು ಹೇಳಿಬಿಡುತ್ತದೆ.

ಮಳೆ ಬಂದಾಗ ಲಿಂಕ್ ಹೋಗುತ್ತದೆ ಎನ್ನುವುದು ನಾನು ಅತಿ ಹೆಚ್ಚು ಕೇಳುವ ದೂರು. ಮಳೆಹನಿಗಳೇ ಸಿಗ್ನಲನ್ನು ನುಂಗುತ್ತಿವೆ ಎಂದು ಜನ ನಂಬುತ್ತಾರೆ. 10 ಗಿಗಾಹರ್ಟ್ಸ್‌ಗಿಂತ ಮೇಲಿನ ಅಲೆಗಳ ವಿಷಯದಲ್ಲಿ ಅದು ನಿಜ. ಆದರೆ 5 ಗಿಗಾಹರ್ಟ್ಸ್‌ನಲ್ಲಿ, ಗಂಟೆಗೆ 50 ಮಿಲಿಮೀಟರ್ ಸುರಿಯುವ ಜಡಿಮಳೆಯೂ ಎರಡು ಕಿಲೋಮೀಟರ್ ದಾರಿಯಲ್ಲಿ ಒಂದು ಡೆಸಿಬೆಲ್‌ನಷ್ಟನ್ನೂ (ಸಿಗ್ನಲ್ ಬಲದ ಏರಿಳಿತ ಅಳೆಯುವ ಮಾನ) ಕಸಿಯಲಾರದು. ಹಾಗಾಗಿ ಮಳೆಗೆ ಲಿಂಕ್ ಬಿದ್ದರೆ ಎಲ್ಲೋ ನೀರು ಒಳಹೊಕ್ಕಿದೆ, ಇಲ್ಲವೇ ದಾರಿಯಲ್ಲಿರುವ ಮರದ ಎಲೆಗಳು ನೆನೆದಿವೆ ಎಂದು ತಿಳಿಯಿರಿ. ಮಳೆ ನಿಂತ ಮೇಲೂ ಗಂಟೆಗಟ್ಟಲೆ ಸಿಗ್ನಲ್ ಏಳದೆ, ಬಿಸಿಲು ಕಾದ ಮೇಲೆ ನಿಧಾನವಾಗಿ ಮೇಲೇರಿದರೆ ಕನೆಕ್ಟರಿನಲ್ಲಿಯೋ ಕೇಬಲಿನಲ್ಲಿಯೋ ನೀರಿದೆ. ಎಲೆಯ ಹನಿ ಉದುರುತ್ತಿದ್ದ ಹಾಗೆ ಚೇತರಿಸಿಕೊಂಡರೆ ದಾರಿಗೆ ಅಡ್ಡ ಬೆಳೆದ ಮರವನ್ನು ನೋಡಿ.

ಗಾಳಿಗೆ ಸಿಗ್ನಲ್ ಕ್ಷಣಕ್ಷಣಕ್ಕೂ ಏರಿಳಿದರೆ ಸಡಿಲಗೊಂಡ ಹಿಡಿಕೆ, ಓಲಾಡುವ ಕಂಬ ಅಥವಾ ತೂಗುವ ಕೊಂಬೆ ಕಾರಣವಾಗಿರುತ್ತದೆ. ಮಧ್ಯಾಹ್ನದ ಸುಡುಬಿಸಿಲಿಗೆ ಮಾತ್ರ ರೇಡಿಯೋ ಮರುಪ್ರಾರಂಭವಾಗುತ್ತಿದ್ದರೆ ವಿದ್ಯುತ್ ಅಡಾಪ್ಟರನ್ನು ಅನುಮಾನಿಸಿ. ಸಂಜೆ ಜನ ಮನೆ ಸೇರಿದ ಹೊತ್ತಿಗೆ ವೇಗ ಕುಸಿದು, ಸಿಗ್ನಲ್ ಮಟ್ಟ ಹಾಗೆಯೇ ಇದ್ದರೆ ಅದು ಅಕ್ಕಪಕ್ಕದ ರೇಡಿಯೋಗಳ ಗದ್ದಲ. ಚಾನಲ್ ಬದಲಿಸಿದರೆ ಸಾಕು, ಕಂಬ ಹತ್ತಬೇಕಿಲ್ಲ.

ಇನ್ನೊಂದು ಲಕ್ಷಣ ಬಹಳ ಮಂದಿಯನ್ನು ದಾರಿ ತಪ್ಪಿಸುತ್ತದೆ. ಲಿಂಕ್ ಇದ್ದಕ್ಕಿದ್ದಂತೆ ಹೋಗಿ, ಒಂದು ನಿಮಿಷ ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ಬೇರೆ ಚಾನಲಿನಲ್ಲಿ ಮರಳುತ್ತದೆ. 5.25ರಿಂದ 5.35 ಮತ್ತು 5.47ರಿಂದ 5.725 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ರೇಡಾರ್‌ಗಳೂ ಬಳಸುತ್ತವೆ. ರೇಡಾರ್ ಅಲೆ ಕಿವಿಗೆ ಬಿದ್ದರೆ ರೇಡಿಯೋ ಆ ಚಾನಲನ್ನು ತೊರೆಯಬೇಕು, ಹೊಸ ಚಾನಲಿನಲ್ಲಿ ಮಾತು ಶುರುಮಾಡುವ ಮೊದಲು ಕನಿಷ್ಠ 60 ಸೆಕೆಂಡು ಸುಮ್ಮನೆ ಆಲಿಸಬೇಕು, ಬಿಟ್ಟುಬಂದ ಚಾನಲಿಗೆ 30 ನಿಮಿಷ ಹಿಂತಿರುಗಬಾರದು ಎಂಬ ನಿಯಮ ಹಲವು ದೇಶಗಳಲ್ಲಿದೆ. ಆ ಒಂದು ನಿಮಿಷದ ಮೌನ ನಿಯಮಪಾಲನೆ. ಆಂಟೆನಾದಲ್ಲಿ ಹುಳುಕು ಹುಡುಕಬೇಡಿ.

ಪರದೆಯ ಮೇಲಿನ ಅಂಕಿಗಳು

ಎರಡೂ ತುದಿಯ ರೇಡಿಯೋಗಳ ಪುಟ ತೆರೆದು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೂರು ಅಂಶಗಳನ್ನು ಹೋಲಿಸಬೇಕು.

ಮೊದಲನೆಯದು ಇರಬೇಕಾದ ಮಟ್ಟ. ಎರಡು ಕಿಲೋಮೀಟರ್ ದೂರಕ್ಕೆ 5.8 ಗಿಗಾಹರ್ಟ್ಸ್‌ನಲ್ಲಿ ಬರಿಯ ಗಾಳಿಯಲ್ಲಿ ಆಗುವ ನಷ್ಟ ಸುಮಾರು 114 ಡೆಸಿಬೆಲ್. ರೇಡಿಯೋ 10 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಶಕ್ತಿಮಟ್ಟ) ಕಳುಹಿಸುತ್ತಿದ್ದು, ಎರಡೂ ಕಡೆ 23 ಡೆಸಿಬೆಲ್ ಬಲವರ್ಧನೆಯ ಆಂಟೆನಾ ಇದ್ದರೆ 10, 23, 23 ಕೂಡಿಸಿ 114 ಕಳೆಯಿರಿ: ಮೈನಸ್ 58 ಡಿಬಿಎಂ ಬರಬೇಕು. ಎರಡು ಮೂರು ಡೆಸಿಬೆಲ್ ಆಚೀಚೆಯಾದರೆ ಚಿಂತೆಯಿಲ್ಲ. ಮೈನಸ್ 78 ಬರುತ್ತಿದ್ದರೆ 20 ಡೆಸಿಬೆಲ್ ಕಾಣೆಯಾಗಿದೆ, ಅಂದರೆ ತಲುಪಬೇಕಾದ ಶಕ್ತಿಯಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ ತಲುಪುತ್ತಿದೆ. ಈ ಲೆಕ್ಕ ಮಾಡದೆ "ಸಿಗ್ನಲ್ ಪರವಾಗಿಲ್ಲ" ಎನ್ನುವವರು ಅಡ್ಡಾದಿಡ್ಡಿ ಜೋಡಿಸಿದ ಲಿಂಕನ್ನು ವರ್ಷಗಟ್ಟಲೆ ಹಾಗೆಯೇ ನಡೆಸುತ್ತಾರೆ.

ಎರಡನೆಯದು ಎರಡು ತುದಿಗಳ ನಡುವಿನ ವ್ಯತ್ಯಾಸ. ಗಾಳಿಯಲ್ಲಿ ಹೋಗುವಾಗಲೂ ಬರುವಾಗಲೂ ನಷ್ಟ ಒಂದೇ. ಎರಡೂ ರೇಡಿಯೋಗಳು ಸಮಾನ ಶಕ್ತಿಯಲ್ಲಿ ಪ್ರಸಾರ ಮಾಡುತ್ತಿದ್ದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ಕಾಣಬೇಕು. ಎರಡೂ ಕಡೆ ಸಮಾನವಾಗಿ ಕುಸಿದಿದ್ದರೆ ಆಂಟೆನಾ, ಕೇಬಲ್ ಅಥವಾ ದಾರಿಯಲ್ಲಿ ದೋಷ. ಒಂದೇ ದಿಕ್ಕಿನಲ್ಲಿ ಕುಸಿದಿದ್ದರೆ ಆ ದಿಕ್ಕಿಗೆ ಕಳುಹಿಸುವ ಅಥವಾ ಅದನ್ನು ಕೇಳುವ ರೇಡಿಯೋದಲ್ಲಿಯೇ ಏನೋ ಕೆಟ್ಟಿದೆ. ಎರಡೂ ಅಂಕಿ ಸರಿಯಿದ್ದು ಒಂದು ದಿಕ್ಕಿನ ವೇಗ ಮಾತ್ರ ಸತ್ತಿದ್ದರೆ ಕೇಳುವ ತುದಿಯಲ್ಲಿ ಗದ್ದಲವಿದೆ.

ಮೂರನೆಯದು, ನನಗೆ ಅತ್ಯಂತ ಉಪಕಾರ ಮಾಡಿರುವುದು: ಒಂದೇ ರೇಡಿಯೋದ ಎರಡು ವಾಹಿನಿಗಳ ನಡುವಿನ ವ್ಯತ್ಯಾಸ. ಇಂದಿನ ಹೆಚ್ಚಿನ ರೇಡಿಯೋಗಳು ಅಡ್ಡ ಮತ್ತು ಉದ್ದ ಧ್ರುವೀಕರಣದಲ್ಲಿ (ಅಲೆ ಕಂಪಿಸುವ ದಿಕ್ಕು) ಎರಡು ಪ್ರತ್ಯೇಕ ಹಾದಿ ಬಳಸಿ, ಎರಡರ ಮಟ್ಟವನ್ನೂ ಬೇರೆಬೇರೆ ತೋರಿಸುತ್ತವೆ. ಒಂದು ಮೈನಸ್ 58, ಇನ್ನೊಂದು ಮೈನಸ್ 73 ಇದ್ದರೆ ಆಂಟೆನಾದ ದಿಕ್ಕು ತಪ್ಪಿಲ್ಲ, ಮರವೂ ಅಡ್ಡ ಬಂದಿಲ್ಲ. ಆ ಕಾರಣಗಳಿದ್ದರೆ ಎರಡೂ ಒಟ್ಟಿಗೆ ಇಳಿಯುತ್ತಿದ್ದವು. ಆ ಒಂದು ಹಾದಿಯಲ್ಲಿ ರೇಡಿಯೋವನ್ನು ಆಂಟೆನಾಕ್ಕೆ ಜೋಡಿಸುವ ತುಂಡು ಕೇಬಲ್ ಅಥವಾ ಕನೆಕ್ಟರ್ ಕೆಟ್ಟಿದೆ. ನೆಲದಲ್ಲಿ ನಿಂತೇ ನಿಮ್ಮ ಹುಡುಕಾಟ ಒಂದು ಗೇಣಿನಷ್ಟು ಜಾಗಕ್ಕೆ ಇಳಿಯಿತು.

ರೇಡಿಯೋ ಪುಟವೇ ತೆರೆಯದಿದ್ದರೆ

ಆಗ ಅಲೆಯ ಮಾತು ಬಿಟ್ಟು ತಂತಿಯ ಮಾತಿಗೆ ಬನ್ನಿ. ಕಂಬದ ಮೇಲಿನ ರೇಡಿಯೋಗೆ ವಿದ್ಯುತ್ತು ಮತ್ತು ಮಾಹಿತಿ ಎರಡೂ ಒಂದೇ ನೆಟ್‌ವರ್ಕ್ ಕೇಬಲಿನಲ್ಲಿ ಹೋಗುತ್ತವೆ. ಅಡಾಪ್ಟರಿನ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು 24 ವೋಲ್ಟ್ ಇದೆ ಎಂದು ಸಮಾಧಾನಪಡಬೇಡಿ. ಹೊರೆಯಿಲ್ಲದ ಅಳತೆಯಿಂದ ಏನೂ ಸಾಬೀತಾಗುವುದಿಲ್ಲ. 24 ಗೇಜಿನ ಶುದ್ಧ ತಾಮ್ರದ ಕೇಬಲ್ 60 ಮೀಟರ್ ಇದ್ದು, ಹೋಗಲು ಎರಡು, ಬರಲು ಎರಡು ತಂತಿ ಬಳಕೆಯಾಗಿದ್ದರೆ ಒಟ್ಟು ರೋಧ ಸುಮಾರು 5 ಓಮ್. ಅರ್ಧ ಆಂಪಿಯರ್ ಹರಿದಾಗ ಎರಡೂವರೆ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಅಗ್ಗಕ್ಕೆ ಸಿಗುವ, ತಾಮ್ರದ ಲೇಪ ಬಳಿದ ಅಲ್ಯೂಮಿನಿಯಂ ಕೇಬಲಿನಲ್ಲಿ ಇದು ಸುಮಾರು ನಾಲ್ಕು ವೋಲ್ಟ್ ಆಗುತ್ತದೆ. ರೇಡಿಯೋ ಏಳುತ್ತದೆ, ಪ್ರಸಾರ ಜೋರಾದ ಕೂಡಲೇ ಬೀಳುತ್ತದೆ, ಮತ್ತೆ ಏಳುತ್ತದೆ. ಆ ಕೇಬಲನ್ನು ಹೊರಾಂಗಣಕ್ಕೆ ಯಾರೂ ಬಳಸಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಅಡಾಪ್ಟರ್ ಬದಲಿಸುವಾಗ ಜೋಪಾನ. 24 ವೋಲ್ಟಿನ ರೇಡಿಯೋಗೆ ನೇರವಾಗಿ 48 ವೋಲ್ಟ್ ಹರಿಸುವ ಅಡಾಪ್ಟರ್ ಹಾಕಿದರೆ ರೇಡಿಯೋ ಸುಟ್ಟುಹೋಗಬಹುದು.

ಇನ್ನೊಂದು ಸುಳಿವು ಪೋರ್ಟಿನ ವೇಗ. 1000 ಮೆಗಾಬಿಟ್ ಇದ್ದ ಪೋರ್ಟ್ 100ಕ್ಕೆ ಇಳಿದಿದ್ದರೆ ನಾಲ್ಕು ಜೋಡಿ ತಂತಿಗಳಲ್ಲಿ ಒಂದಾದರೂ ಸೋತಿದೆ, ಏಕೆಂದರೆ 100ಕ್ಕೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ಮೊದಲು ಕೆಳಗಿನ ತುದಿಯ ಪ್ಲಗ್ ಕತ್ತರಿಸಿ ಹೊಸದಾಗಿ ಹಾಕಿ, ಸಿಡಿಲು ನಿರೋಧಕವೇನಾದರೂ ನಡುವೆ ಇದ್ದರೆ ಅದನ್ನು ತಾತ್ಕಾಲಿಕವಾಗಿ ಬದಿಗಿಟ್ಟು ನೋಡಿ. ಗುಡುಗಿನ ಮರುದಿನ ಇಂಥ ದೋಷ ಕಂಡರೆ ನಿರೋಧಕ ತನ್ನ ಕೆಲಸ ಮಾಡಿ ಪ್ರಾಣ ಬಿಟ್ಟಿರುವುದು ಸಾಮಾನ್ಯ. ಪರೀಕ್ಷೆ ಮುಗಿದ ಮೇಲೆ ಹೊಸದನ್ನು ಹಾಕುವುದನ್ನು ಮಾತ್ರ ಮರೆಯಬೇಡಿ.

ಹತ್ತಲೇಬೇಕಾದಾಗ

ಹತ್ತುವ ಮೊದಲು ಕೆಳಗಿನಿಂದಲೇ ದುರ್ಬೀನಿನಲ್ಲಿ ಕಂಬವನ್ನು ಪೂರ್ತಿ ನೋಡಿ. ಹಿಡಿಕೆ ವಾಲಿದೆಯೇ, ಕೇಬಲ್ ಜೋತಿದೆಯೇ, ಟೇಪು ಬಿಚ್ಚಿಕೊಂಡಿದೆಯೇ, ಜೇನುಹುಳು ಕಣಜಗಳೇನಾದರೂ ಗೂಡು ಕಟ್ಟಿವೆಯೇ, ಇವೆಲ್ಲ ಕಾಣುತ್ತವೆ.

ಆಮೇಲೆ ತಲೆಯೆತ್ತಿ ವಿದ್ಯುತ್ ತಂತಿಗಳನ್ನು ಹುಡುಕಿ. ಕಂಬ ಮತ್ತು ಆಂಟೆನಾದ ಒಟ್ಟು ಉದ್ದದ ಎರಡು ಪಟ್ಟು ದೂರದೊಳಗೆ ತಂತಿ ಇದ್ದರೆ ನಾನು ಆ ಕಂಬವನ್ನು ಎಬ್ಬಿಸುವುದೂ ಇಲ್ಲ, ಇಳಿಸುವುದೂ ಇಲ್ಲ; ಜಾಗವನ್ನೇ ಬದಲಿಸುತ್ತೇನೆ. ಕಪ್ಪು ಹೊದಿಕೆ ಕಂಡರೆ ಅದು ನಿರೋಧಕ ಹೊದಿಕೆ ಎಂದು ನಂಬಬೇಡಿ. ಅದು ಬಿಸಿಲಿಗೆ ಬಿರುಕು ಬಿಟ್ಟಿರಬಹುದು, ಕೆಲವು ತಂತಿಗಳಲ್ಲಿ ಮೊದಲಿನಿಂದಲೂ ರಕ್ಷಣೆಗೆಂದು ಹಾಕಿದ್ದೇ ಅಲ್ಲ. ಕಂಬ ಕೈತಪ್ಪಿ ವಾಲತೊಡಗಿದರೆ ಹಿಡಿಯಲು ಹೋಗಬೇಡಿ, ಬಿಟ್ಟು ದೂರ ಸರಿಯಿರಿ. ಬೀಳುವ ಕಂಬವನ್ನು ತಡೆಯಲು ಕೈ ತಾನಾಗಿ ಮುಂದೆ ಹೋಗುತ್ತದೆ, ಪ್ರಾಣ ಹೋಗುವುದು ಅಲ್ಲಿಯೇ. ಈ ಮಾತನ್ನು ಸಹಾಯಕ್ಕೆ ಬಂದವರಿಗೆ ಕೆಲಸ ಶುರುವಾಗುವ ಮೊದಲೇ ಬಾಯಿಬಿಟ್ಟು ಹೇಳಿ. ತಂತಿಯ ಮೇಲೆ ಬಿದ್ದ ಕಂಬವನ್ನೂ ಅದನ್ನು ಹಿಡಿದುಕೊಂಡಿರುವ ಮನುಷ್ಯನನ್ನೂ ವಿದ್ಯುತ್ ಕಡಿತವಾಗುವ ತನಕ ಮುಟ್ಟುವಂತಿಲ್ಲ.

ಏಣಿ ಫೈಬರ್‌ಗ್ಲಾಸಿನದಾಗಿರಲಿ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಹೊರಗಿರಲಿ, ತಾರಸಿಯ ಅಂಚಿಗಿಂತ ಒಂದು ಮೀಟರ್ ಮೇಲಕ್ಕೆ ಚಾಚಿರಲಿ, ತುದಿಯನ್ನು ಹಗ್ಗದಿಂದ ಕಟ್ಟಿರಿ. ಹತ್ತುವಾಗ ಕೈಯಲ್ಲಿ ಏನೂ ಇರಬಾರದು. ಉಪಕರಣಗಳನ್ನು ಚೀಲದಲ್ಲಿಟ್ಟು ಹಗ್ಗದಿಂದ ಆಮೇಲೆ ಎಳೆದುಕೊಳ್ಳಿ. ಅಂಚಿನ ಬಳಿ ಕೆಲಸವಿದ್ದರೆ ಸುರಕ್ಷಾ ಪಟ್ಟಿ ತೊಟ್ಟು ಅದನ್ನು ಕಟ್ಟಡದ ಗಟ್ಟಿ ಭಾಗಕ್ಕೆ ಕಟ್ಟಿಕೊಳ್ಳಿ. ಆಂಟೆನಾದ ಕಂಬಕ್ಕೇ ಕಟ್ಟಿಕೊಳ್ಳುವವರನ್ನು ನೋಡಿದ್ದೇನೆ. ಆ ಕಂಬವನ್ನು ಹಾಕಿದ್ದು ಆಂಟೆನಾ ಹೊರಲು, ಬೀಳುವ ಮನುಷ್ಯನನ್ನು ತಡೆಯಲು ಅಲ್ಲ.

ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಕೆಳಗಿಳಿಯಿರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಮೇಲೆ ಹೋಗಬೇಡಿ.

ವಿಕಿರಣದ ಭಯವನ್ನೂ ಜನ ಹೇಳಿಕೊಳ್ಳುತ್ತಾರೆ. 4 ವ್ಯಾಟ್ ಪರಿಣಾಮಕಾರಿ ಶಕ್ತಿಯ (ಆಂಟೆನಾದ ಬಲವರ್ಧನೆಯೂ ಸೇರಿದ ಶಕ್ತಿ) ಆಂಟೆನಾದಿಂದ ಒಂದು ಮೀಟರ್ ದೂರದಲ್ಲಿ ಚದರ ಮೀಟರಿಗೆ ಸುಮಾರು 0.3 ವ್ಯಾಟ್ ಬೀಳುತ್ತದೆ. ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಸಾರ್ವಜನಿಕರಿಗೆ ಇರುವ ಮಿತಿ ಚದರ ಮೀಟರಿಗೆ 10 ವ್ಯಾಟ್. ಹಾಗೆಂದು ಆಂಟೆನಾಕ್ಕೆ ಮುಖ ಕೊಟ್ಟು ಕೆಲಸ ಮಾಡುವ ಅಗತ್ಯವಿಲ್ಲ. ಕನೆಕ್ಟರ್ ಬಿಚ್ಚುವ ಮೊದಲು ರೇಡಿಯೋ ಆರಿಸಲೇಬೇಕು, ಆಂಟೆನಾ ಇಲ್ಲದೆ ಪ್ರಸಾರ ಮಾಡಿದರೆ ಶಕ್ತಿ ಹಿಂದಕ್ಕೆ ಹೊರಳಿ ರೇಡಿಯೋಗೇ ಪೆಟ್ಟಾಗಬಹುದು.

ಕನೆಕ್ಟರ್ ಬಿಚ್ಚಿದಾಗ

ಒಂದು ಲಿಂಕ್ ಪ್ರತಿ ಮಳೆಗೂ ಮಲಗಿ, ಬಿಸಿಲೇರಿ ಮೂರು ಗಂಟೆ ಕಳೆದ ಮೇಲೆ ಏಳುತ್ತಿತ್ತು. ಎರಡು ಬಾರಿ ರೇಡಿಯೋ ಬದಲಿಸಿದ್ದರು. ಪರದೆಯಲ್ಲಿ ಒಂದು ವಾಹಿನಿ ಮಾತ್ರ 14 ಡೆಸಿಬೆಲ್ ಕೆಳಗಿತ್ತು. ಮೇಲೆ ಹೋಗಿ ಆ ಕನೆಕ್ಟರಿನ ಟೇಪನ್ನು ಸುರುಳಿ ಸುರುಳಿಯಾಗಿ ಬಿಚ್ಚಿದೆ. ಹೊರಗಿನ ಪದರ ಒಣಗಿತ್ತು, ಒಳಗಿನದು ಅಂಟಂಟಾಗಿ ಬೆರಳಿಗೆ ಹತ್ತಿತು. ಉಂಗುರ ತಿರುಗಿಸಿದೊಡನೆ ಕಂದು ಬಣ್ಣದ ನೀರು ಅಂಗೈಗೆ ತೊಟ್ಟಿಕ್ಕಿತು. ಚಿನ್ನದ ಬಣ್ಣದ ನಡುಕಡ್ಡಿ ಪಾಚಿಯ ಹಸಿರಿಗೆ ತಿರುಗಿತ್ತು. ಟೇಪನ್ನು ಮೇಲಿನಿಂದ ಕೆಳಗೆ ಸುತ್ತಿದ್ದರು, ಅಂದರೆ ಪ್ರತಿ ಸುತ್ತಿನ ಅಂಚೂ ಮೇಲ್ಮುಖವಾಗಿ ತೆರೆದುಕೊಂಡು ಒಂದೊಂದು ಪುಟ್ಟ ಬೊಗಸೆಯಾಗಿತ್ತು. ಹಂಚು ಹೊದಿಸುವವರು ಸೂರಿನಿಂದ ಶುರುಮಾಡಿ ಮೇಲಕ್ಕೆ ಹೋಗುತ್ತಾರೆ, ಮೇಲಿನ ಹಂಚು ಕೆಳಗಿನದರ ಮೇಲೆ ಕೂರಲಿ ಎಂದು. ಟೇಪಿನದೂ ಅದೇ ವಿದ್ಯೆ.

ನೀರು ಇಷ್ಟು ಹಾನಿ ಮಾಡುವುದೇಕೆಂದರೆ, ಕೇಬಲಿನ ಒಳಗಿನ ಪಾಲಿಥೀನ್‌ಗೆ ಪರಾವೈದ್ಯುತ ಸ್ಥಿರಾಂಕ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬುದರ ಅಳತೆ) 2.3ರ ಆಸುಪಾಸು, ನೀರಿಗೆ ಸುಮಾರು 80. ಅಲೆಗೆ ಅದು ದಾರಿಯ ನಡುವೆ ಗೋಡೆ ಎದ್ದಂತೆ. ಜೊತೆಗೆ ಹೆಣೆದ ತಾಮ್ರದ ಜಾಲರಿ ದೀಪದ ಬತ್ತಿಯಂತೆ ನೀರನ್ನು ಮೀಟರ್‌ಗಟ್ಟಲೆ ಒಳಕ್ಕೆ ಹೀರುತ್ತದೆ. ಹಾಗಾಗಿ ಕನೆಕ್ಟರ್ ಒರೆಸಿ ಮತ್ತೆ ಜೋಡಿಸಿದರೆ ಆಯಿತು ಎಂದುಕೊಳ್ಳಬೇಡಿ. ಹೊರಪದರ ಸೀಳಿ ನೋಡಿ, ಜಾಲರಿ ಕಪ್ಪಾಗಿದ್ದರೆ ಆ ಕೇಬಲ್ ಪೂರ್ತಿ ಹೋದಂತೆಯೇ.

ಹೊಸದನ್ನು ಕಟ್ಟುವಾಗ, ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಅಗಲ ಅರ್ಧವಾಗುವಷ್ಟು ಎಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಬಿಸಿಲು ತಡೆಯುವ ಪಿವಿಸಿ ಟೇಪು ಹಾಕಿ. ವಿನೆಗರ್ ವಾಸನೆಯ ಸಿಲಿಕೋನ್ ಬಳಸಬೇಡಿ, ಅದರಿಂದ ಹೊಮ್ಮುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಕೇಬಲ್ ಗೋಡೆಯೊಳಗೆ ಹೋಗುವ ತೂತಿಗಿಂತ ಕೆಳಗೆ ಒಂದು ಬಳುಕು ಇರಲಿ, ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ.

ಹೊಸ ಕನೆಕ್ಟರ್ ಸರಿಯಾಗಿ ಕೂತಂತೆ ಕಂಡೂ ಸಿಗ್ನಲ್ ಬಾರದಿದ್ದರೆ ಎಸ್‌ಎಂಎ ಮತ್ತು ಆರ್‌ಪಿ ಎಸ್‌ಎಂಎ ಎಂಬ, ನೋಡಲು ಒಂದೇ ತೆರನಾದ ಎರಡು ಬಗೆಯ ಕನೆಕ್ಟರುಗಳು ಬೆರೆತಿವೆಯೇ ನೋಡಿ. ಎರಡರ ತಿರುಪಿನ ಮರೆ ಒಂದೇ, ಸಲೀಸಾಗಿ ತಿರುಗಿ ಬಿಗಿಯಾಗುತ್ತವೆ. ಆದರೆ ಒಳಗೆ ಕಡ್ಡಿಗೆ ಕಡ್ಡಿ ಎದುರಾಗಿರುತ್ತದೆ, ಇಲ್ಲವೇ ತೂತಿಗೆ ತೂತು. ಕಡ್ಡಿಗಳು ಎದುರಾದ ಜೋಡಿಯನ್ನು ಬಲವಂತವಾಗಿ ಬಿಗಿದರೆ ಎರಡೂ ಹಾಳು.

ಮಲ್ಟಿಮೀಟರಿನ ಮಿತಿಯನ್ನು ಇಲ್ಲಿ ಹೇಳಲೇಬೇಕು. ಎರಡೂ ತುದಿ ಬಿಚ್ಚಿದ ಕೇಬಲಿನಲ್ಲಿ ನಡುತಂತಿಗೂ ಜಾಲರಿಗೂ ನಡುವೆ ಸಂಪರ್ಕ ಇರಬಾರದು. ಆದರೆ ಆಂಟೆನಾ ಜೋಡಿಸಿದ ಮೇಲೆ ಶಾರ್ಟ್ ತೋರಿಸಿದರೆ ಗಾಬರಿ ಬೇಡ. ಸ್ಥಾಯಿ ವಿದ್ಯುತ್ ಹರಿದುಹೋಗಲೆಂದು ಹಲವು ಆಂಟೆನಾಗಳನ್ನು ಹಾಗೆಯೇ ಮಾಡಿರುತ್ತಾರೆ. ಪ್ರತಿಫಲನ ಅಳೆಯುವ ಉಪಕರಣವೂ ಕೆಲವೊಮ್ಮೆ ಸುಳ್ಳು ಭರವಸೆ ಕೊಡುತ್ತದೆ. 5 ಡೆಸಿಬೆಲ್ ನುಂಗುವ ಕೇಬಲಿನ ಮೇಲ್ತುದಿಯಲ್ಲಿ ಆಂಟೆನಾವೇ ಇಲ್ಲದಿದ್ದರೂ, ಕೆಳತುದಿಯಲ್ಲಿ ಅಳೆದ "ನಿಂತ ಅಲೆಯ ಅನುಪಾತ" (ಎಷ್ಟು ಶಕ್ತಿ ಹಿಂದಕ್ಕೆ ಮರಳುತ್ತಿದೆ ಎಂಬುದರ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) 2ರ ಒಳಗೆ ಚಂದವಾಗಿ ಕಾಣುತ್ತದೆ. ಹೋಗುವಾಗ 5, ಮರಳುವಾಗ 5 ನುಂಗಿಬಿಟ್ಟಿರುತ್ತದೆ. ಆದ್ದರಿಂದ ಸರಿಯಿದೆ ಎಂದು ಗೊತ್ತಿರುವ ಒಂದು ತುಂಡು ಕೇಬಲ್ ಸದಾ ಚೀಲದಲ್ಲಿರಲಿ. ಬದಲಿಸಿ ನೋಡುವುದಕ್ಕಿಂತ ನಂಬಿಕಸ್ಥ ಪರೀಕ್ಷೆ ಇಲ್ಲ.

ದಿಕ್ಕು ಮತ್ತು ದಾರಿ

60 ಸೆಂಟಿಮೀಟರ್ ಡಿಶ್ 5.8 ಗಿಗಾಹರ್ಟ್ಸ್‌ನಲ್ಲಿ ಸುಮಾರು 6 ಡಿಗ್ರಿ ಅಗಲದ ಕಿರಣ ಬೀರುತ್ತದೆ. ಕಂಬ 3 ಡಿಗ್ರಿ ಹೊರಳಿದರೆ ಅರ್ಧ ಶಕ್ತಿ ಹೋಯಿತು. ಇದಕ್ಕಿಂತ ಕೆಟ್ಟದ್ದು ಪಕ್ಕದ ಎಸಳಿಗೆ ಸಿಕ್ಕಿಬೀಳುವುದು. ಮುಖ್ಯ ಕಿರಣದ ಎರಡೂ ಬದಿಗೆ ದುರ್ಬಲ ಎಸಳುಗಳಿರುತ್ತವೆ, ಅವುಗಳ ಮೇಲೂ ಸಿಗ್ನಲ್ ಏರಿ ಇಳಿಯುವುದರಿಂದ ಶಿಖರ ಸಿಕ್ಕಿತೆಂದು ಬಿಗಿದುಬಿಡುತ್ತಾರೆ. ಲೆಕ್ಕಕ್ಕಿಂತ 15ರಿಂದ 20 ಡೆಸಿಬೆಲ್ ಕಡಿಮೆ, ಎರಡೂ ತುದಿಯಲ್ಲೂ ಎರಡೂ ವಾಹಿನಿಯಲ್ಲೂ ಸಮಾನವಾಗಿ ಕಡಿಮೆ ಎಂದರೆ ಇದನ್ನೇ ಅನುಮಾನಿಸಿ. ಶಿಖರ ಸಿಕ್ಕ ಮೇಲೂ ನಿಲ್ಲದೆ ಆಚೆ 20 ಡಿಗ್ರಿ, ಈಚೆ 20 ಡಿಗ್ರಿ ತಿರುಗಿಸಿ ಇನ್ನೂ ಎತ್ತರದ ಶಿಖರವಿದೆಯೇ ನೋಡಿ, ಹಾಗೆಯೇ ಮೇಲಕ್ಕೂ ಕೆಳಕ್ಕೂ.

ಎದುರಿನ ಆಂಟೆನಾ ಕಣ್ಣಿಗೆ ಕಂಡರೆ ದಾರಿ ತೆರವಾಗಿದೆ ಎಂದಲ್ಲ. ಎರಡು ಕಿಲೋಮೀಟರ್ ಲಿಂಕಿನ ನಟ್ಟನಡುವೆ ಅಲೆಗೆ ಸುಮಾರು 5 ಮೀಟರ್ ತ್ರಿಜ್ಯದ ಫ್ರೆನೆಲ್ ವಲಯ (ನೇರ ಗೆರೆಯ ಸುತ್ತ ಅಲೆ ಹರಡಿಕೊಂಡು ಸಾಗುವ ಜಾಗ) ಬೇಕು, ಅದರ ಶೇಕಡಾ 60ರಷ್ಟಾದರೂ, ಅಂದರೆ 3 ಮೀಟರ್, ಖಾಲಿಯಿರಬೇಕು. ತಿಂಗಳುಗಟ್ಟಲೆ ಒಂದೊಂದೇ ಡೆಸಿಬೆಲ್ ಇಳಿಯುತ್ತಾ ಬಂದ ಲಿಂಕಿನಲ್ಲಿ ಹೆಚ್ಚಿನ ಸಲ ಯಾವುದೋ ಮರ ಈ ವಲಯದೊಳಕ್ಕೆ ಬೆಳೆದಿರುತ್ತದೆ.

ಭೂಸಂಪರ್ಕ

ಇದರಲ್ಲಿ ರಾಜಿಯಿಲ್ಲ. ಕಂಬಕ್ಕೆ ಬೇರೆಯೇ ಒಂದು ಸಲಾಕೆ ನೆಟ್ಟು, ಕಟ್ಟಡದ ಮೂಲ ಭೂಸಂಪರ್ಕಕ್ಕೆ ಅದನ್ನು ಜೋಡಿಸದೆ ಬಿಡುವುದು ನಾನು ಕಂಡಿರುವ ಅತಿ ಅಪಾಯಕಾರಿ ತಪ್ಪು. 30,000 ಆಂಪಿಯರ್ ಸಿಡಿಲು 10 ಓಮ್ ಸಲಾಕೆಯಲ್ಲಿ ಇಳಿದರೆ ಆ ಕ್ಷಣ ಅಲ್ಲಿ 3 ಲಕ್ಷ ವೋಲ್ಟ್ ಏಳುತ್ತದೆ. ಪಕ್ಕದ ಭೂಸಂಪರ್ಕ ಸೊನ್ನೆಯ ಹತ್ತಿರವಿದ್ದರೆ ಈ ಅಂತರವೆಲ್ಲ ನಿಮ್ಮ ನೆಟ್‌ವರ್ಕ್ ಕೇಬಲಿನ ಮೂಲಕ ಮನೆಯೊಳಗೆ ಹಾಯುತ್ತದೆ. ಎರಡನ್ನೂ ದಪ್ಪ ತಾಮ್ರದಿಂದ ಬೆಸೆಯಿರಿ; ಕಂಬದಿಂದ ಇಳಿಯುವ ತಂತಿ 16 ಚದರ ಮಿಲಿಮೀಟರಿಗೆ ಕಡಿಮೆಯಿರದಿರಲಿ, ನೇರವಾಗಿರಲಿ, ಚೂಪಾದ ತಿರುವು ಬೇಡ. ಇಷ್ಟೆಲ್ಲ ಮಾಡಿದರೂ ನೇರ ಸಿಡಿಲಿಗೆ ರೇಡಿಯೋ ಉಳಿಯುವುದಿಲ್ಲ. ಮನೆಯೊಳಗಿರುವವರು ಉಳಿಯಬೇಕು ಎನ್ನುವುದಕ್ಕೆ ಈ ತಂತಿ. ಅಂತಿಮ ಜೋಡಣೆಯನ್ನು ಅರ್ಹ ವಿದ್ಯುತ್ ಕೆಲಸಗಾರರಿಂದ ಮಾಡಿಸಿ, ಸ್ಥಳೀಯ ನಿಯಮ ಇನ್ನೂ ಕಟ್ಟುನಿಟ್ಟಾಗಿದ್ದರೆ ಅದನ್ನೇ ಪಾಲಿಸಿ.

ಇಳಿಯುವ ಮುನ್ನ

ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣ. ಗಂಟೆಗೆ 144 ಕಿಲೋಮೀಟರ್ ಬಿರುಗಾಳಿಯಲ್ಲಿ ಆ 60 ಸೆಂಟಿಮೀಟರ್ ಡಿಶ್ ಮೇಲೆ 30 ಕಿಲೋ ತೂಕಕ್ಕೂ ಮೀರಿದ ಬಲ ಬೀಳುತ್ತದೆ. ಆದ್ದರಿಂದ ಎಲ್ಲ ನಟ್ಟುಗಳನ್ನು ಸಮವಾಗಿ, ಒಂದಾದ ಮೇಲೊಂದರಂತೆ ಸುತ್ತುಹಾಕಿ ಬಿಗಿಯಿರಿ, ಬಿಗಿಯುವಾಗ ದಿಕ್ಕು ಕದಲಿತೇ ಎಂದು ಕೆಳಗಿರುವವರು ಪರದೆ ನೋಡಿ ಹೇಳುತ್ತಿರಲಿ. ಎರಡೂ ತುದಿಯ, ಎರಡೂ ವಾಹಿನಿಯ ಅಂಕಿಗಳನ್ನು ದಿನಾಂಕದೊಂದಿಗೆ ಬರೆದು ಅಡಾಪ್ಟರ್ ಪೆಟ್ಟಿಗೆಯೊಳಗೆ ಅಂಟಿಸಿ. ಕೊನೆಗೆ ಹಿಡಿಕೆಯಿಂದ ಕಂಬದ ಮೇಲಕ್ಕೆ ಹಾಯುವಂತೆ ಗಾಢ ಬಣ್ಣದ ಒಂದು ಗೆರೆ ಎಳೆಯಿರಿ, ಕೆಳಗೆ ನಿಂತವರಿಗೆ ಕಾಣುವ ಬದಿಗೆ. ಮುಂದಿನ ಬಿರುಗಾಳಿಯ ಮರುದಿನ ದುರ್ಬೀನಿನಲ್ಲಿ ನೋಡಿದರೆ, ಗೆರೆ ಮುರಿದಿದೆಯೋ ಇಲ್ಲವೋ ಎಂಬುದರಿಂದಲೇ ಏಣಿ ತರಬೇಕೋ ಬೇಡವೋ ತಿಳಿಯುತ್ತದೆ.